ಅಡ್ಡಹಾದಿಯ ಮೇಲೊಂದು ಕಲ್ಲಿನ ಊರು

ಸುತ್ತಿನ ಹಾದಿ ಎಂದರೆ ಶೇಖಸಾಬನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮುಂಡರಗಿಯಲ್ಲಿ ಅವನದು ಗಾದಿ ಹೊಲಿಯುವ ಅಂಗಡಿ. ಮನೆಯಿಂದ ಅಲ್ಲಿಗೆ ಒಳ್ಳೆಯ ಡಾಂಬರು ರಸ್ತೆಯಿದ್ದರೂ ಅವನು ಹೋಗುವುದು ಒಬ್ಬರ ಹಿತ್ತಲು, ಇನ್ನೊಬ್ಬರ ದನದ ಕೊಟ್ಟಿಗೆ ದಾಟಿಕೊಂಡು. “ಇವರು ಜನ್ನತ್ತಿಗೂ ಬೇಲಿ ಹಾರೇ ಹೋಗೋರು” ಎಂದು ಹೆಂಡತಿ ಬಾನುಬಿ ಓಣಿಗೆಲ್ಲ ಹೇಳಿಟ್ಟಿದ್ದಾಳೆ.

ವರ್ಷಗಟ್ಟಲೆ ಹತ್ತಿ ಹಿಂಜಿ ಅವನ ಎದೆಯಲ್ಲಿ ಧೂಳು ಮನೆಮಾಡಿತ್ತು. ಔಷಧಿಯ ಜೊತೆಗೆ ವಾರಕ್ಕೊಮ್ಮೆ ಒಳ್ಳೆಯ ಗಾಳಿಯಲ್ಲಿ ನಡೆಯಬೇಕೆಂದು ಡಾಕ್ಟರು ಹೇಳಿದರು. ಒಳ್ಳೆಯ ಗಾಳಿ ಬೇಕೆಂದರೆ ಹತ್ತಿರದಲ್ಲೇ ಕಪ್ಪತಗುಡ್ಡ. ಒಂದು ಭಾನುವಾರ ಶೇಖಸಾಬ ಗುಡ್ಡದ ಬುಡಕ್ಕೆ ಬಂದ. ಮೇಲಿನ ಗವಿಯ ದೇವರಿಗೆ ಹೋಗುವ ಕಾಲುಹಾದಿ ಹಾವಿನಂತೆ ಸುತ್ತುತ್ತ ಏರಿತ್ತು. ಅದನ್ನು ನಡುವೆ ಸೀಳಿಕೊಂಡು ಒಂದು ಅಡ್ಡಹಾದಿ ನೆಟ್ಟಗೆ ಇಳಿದಿತ್ತು. ಜನ ಏರುವಾಗ ಸುತ್ತಿಕೊಂಡು ಏರಿ, ಇಳಿಯುವಾಗ ಮಾತ್ರ ಈ ಅಡ್ಡಹಾದಿಯಲ್ಲಿ ಜಾರುತ್ತಿದ್ದರು. ಶೇಖಸಾಬ ಅದರಲ್ಲೇ ಏರಿದ. ತುದಿ ಮುಟ್ಟಿದಾಗ ಎದೆ ಕುಲುಮೆಯ ತಿದಿಯಂತೆ ಏರಿಳಿಯುತ್ತಿತ್ತು, ಮುಖದಲ್ಲಿ ಮಾತ್ರ ಗೆದ್ದ ಕಳೆ.

ಅಲ್ಲಿ ಟೋಪಿ ಹಾಕಿಕೊಂಡ ಒಬ್ಬ ಹೆಣ್ಣುಮಗಳು ಸಲಿಕೆ ಹಿಡಿದು ನಿಂತಿದ್ದಳು. ಹೆಸರು ಚನ್ನಮ್ಮ, ಗದಗಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಭಾನುವಾರಕ್ಕೊಮ್ಮೆ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಗುಡ್ಡದ ಹಾದಿ ದುರಸ್ತಿ ಮಾಡುತ್ತಿದ್ದಳು. ಯಾರಿಗೂ ಪಗಾರವಿಲ್ಲ.

“ಕುಂಡ್ರಿ, ದಮ್ಮು ತಗೋರಿ. ನೀವು ಏರಿದ್ದು ಹಾದಿ ಅಲ್ಲ, ಕಾಲುವಿ” ಎಂದಳು.

ಅವನು ಹಿಂದಿರುಗಿ ನೋಡಿದ. ಕಾಲು ಬಿದ್ದಲ್ಲಿ ಹುಲ್ಲು ಸತ್ತಿತ್ತು, ಹುಲ್ಲು ಸತ್ತಲ್ಲಿ ಮಳೆನೀರು ಹರಿದು ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ಆ ಮಣ್ಣೆಲ್ಲ ಇಳಿದು ಕೆಳಗಿನ ಒರತೆಯನ್ನು ಹೂಳುತ್ತಿತ್ತು. ನಾಲ್ಕು ಕೊಂಬಿನ ಕೊಂಡುಕುರಿಗಳು ನೀರಿಗೆ ಬರುವ ಒರತೆ ಅದು. ಚನ್ನಮ್ಮ ಬೈಯಲಿಲ್ಲ, ಸಲಿಕೆಯನ್ನು ಅವನ ಕೈಗೆ ಕೊಟ್ಟಳು. ಅಂದು ಸಂಜೆ ಶೇಖಸಾಬ ಅಂಗೈ ತುಂಬ ಬೊಬ್ಬೆ ತುಂಬಿಕೊಂಡು ಮನೆಗೆ ಬಂದ. ರಾತ್ರಿ ಕೆಮ್ಮಿಲ್ಲದೆ ಮಲಗಿದ. ಮುಂದಿನ ಭಾನುವಾರ ಕರೆಯದೆ ಹೋದ.

ಹೀಗೆ ಮೂರು ವರ್ಷ. ಹಾದಿಗೆ ಅಡ್ಡ ಕಲ್ಲು ಹೂತು ಮಳೆನೀರನ್ನು ಬದಿಗೆ ತಿರುಗಿಸುವುದು, ಬೇಸಿಗೆಯ ಬೆಂಕಿ ದಾಟದಂತೆ ಒಣಹುಲ್ಲು ಕೊಯ್ದು ಪಟ್ಟಿ ಬಿಡುವುದು, ಗುಟ್ಕಾ ಚೀಟಿ ಆರಿಸುವುದು ಎಲ್ಲವೂ ಕೈಗೆ ಬಂತು. ಯಳವತ್ತಿಯ ರೈತ ಹುಚ್ಚೀರಪ್ಪ ಜೋಡಿಯಾದ. ಅವನು ಹೆಸರಿಗೆ ಮಾತ್ರ ಹುಚ್ಚೀರಪ್ಪ. ಗುಂಪಿನಲ್ಲಿ ಅವನಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿಲ್ಲ.

ಈ ವರ್ಷ ಆಷಾಢದಲ್ಲಿ ಅರಣ್ಯ ಇಲಾಖೆಯ ಸಾಹೇಬರು ಬಂದು ಕೊರಕಲು ನೋಡಿದರು. “ಶ್ರಾವಣ ಮುಗಿಯೂದ್ರಾಗ ಈ ಅಡ್ಡಹಾದಿ ಬಂದ್ ಆಗಬೇಕು. ಆಗಲಿಲ್ಲ ಅಂದ್ರ ಬುಡದಾಗ ತಂತಿ ಹಾಕಿ ಇಡೀ ಹಾದೀನ ಮುಚ್ಚತೀವಿ. ಆಮ್ಯಾಲೆ ನೀವೂ ಬರೂ ಹಂಗಿಲ್ಲ” ಎಂದರು.

ಶೇಖಸಾಬನ ಎದೆ ವಾರವಿಡೀ ಆ ಒಂದು ದಿನದ ಗಾಳಿಯ ಮೇಲೆ ನಡೆಯುತ್ತಿತ್ತು. ಹಾದಿ ಮುಚ್ಚಿದರೆ ಅವನ ಪಾಲಿಗೆ ಉಳಿಯುವುದು ಹತ್ತಿಯ ಧೂಳು, ಸಾಯಂಕಾಲದ ಕೆಮ್ಮು. ಅದನ್ನವನು ಯಾರಿಗೂ ಹೇಳಲಿಲ್ಲ. “ಬಂದ್ ಮಾಡೂದು ನನಗ ಬಿಡ್ರಿ ಮೇಡಮ್ಮಾರ” ಎಂದಷ್ಟೇ ಹೇಳಿದ.

ಮೊದಲು ಅಡ್ಡಹಾದಿಯ ಮೇಲಿನ ಬಾಯಿಗೆ ಜಾಲಿಮುಳ್ಳು ಬಡಿದ. ಕುರಿಗಾರರು ಹಟ್ಟಿಗೆ ಬೇಲಿಯಾಯಿತೆಂದು ಹೊತ್ತೊಯ್ದರು. ಆಮೇಲೆ ಗಾದಿಯ ಅರಿವೆಯ ಮೇಲೆ ದೊಡ್ಡಕ್ಷರದಲ್ಲಿ ‘ಎಚ್ಚರಿಕೆ! ಮುಂದೆ ಕರಡಿ ಇದೆ’ ಎಂದು ಬರೆದು ಎರಡು ಕೋಲಿಗೆ ಕಟ್ಟಿದ. ಶ್ರಾವಣದ ಮೊದಲ ಸೋಮವಾರ ಗವಿಗೆ ಬಂದ ಹುಡುಗರೆಲ್ಲ ಕರಡಿ ನೋಡಲು ಅಡ್ಡಹಾದಿಗೇ ನುಗ್ಗಿದರು. ಅರಿವೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಪಾಳಿ ಹಚ್ಚಿದರು.

“ಕರಡಿ ಬದ್ಲಿ ಸಾಲದವರು ಅದಾರ ಅಂತ ಬರೀಬೇಕಿತ್ತು. ಯಾವನೂ ಬರತಿದ್ದಿಲ್ಲ” ಎಂದ ಹುಚ್ಚೀರಪ್ಪ.

“ಬರ್ದಿದ್ರ ಮೊದಲ ನೀನ ಓಡತಿದ್ದಿ ಬಿಡಲೇ” ಎಂದ ಶೇಖಸಾಬ.

ಚನ್ನಮ್ಮ ಒಂದು ಉಪಾಯ ಹೇಳಿದಳು. ತಪ್ಪು ಹಾದಿ ಮುಚ್ಚುವ ಬದಲು ಸರಿ ಹಾದಿಯನ್ನು ಎದ್ದು ಕಾಣಿಸೋಣ. ಅಡ್ಡಹಾದಿ ಕವಲೊಡೆಯುವ ತಿರುವಿನಲ್ಲಿ ಸುತ್ತಿನ ಹಾದಿಯ ಎರಡೂ ಬದಿಗೆ ಕಲ್ಲಿನ ಗುಪ್ಪೆ ಪೇರಿಸಿದರೆ ಜನ ಗುರುತು ಹಿಡಿದು ನಡೆಯುತ್ತಾರೆ. ಭಾನುವಾರ ಎಲ್ಲರೂ ಸೇರಿ ಪೇರಿಸಿದರು. ಗುಪ್ಪೆಗಳು ಅಚ್ಚುಕಟ್ಟಾಗಿದ್ದವು. ಅಷ್ಟು ಅಚ್ಚುಕಟ್ಟಾಗಿದ್ದದ್ದೇ ತಪ್ಪಾಯಿತು.

ಗುಡ್ಡ ಏರಿದ ಭಕ್ತರು ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟಿ ಕೈಮುಗಿಯುತ್ತಾರೆ. ಸ್ವಂತ ಮನೆ ಆಗಲೆಂಬ ಬೇಡಿಕೆ. ಎರಡು ಕಲ್ಲು ನಿಲ್ಲಿಸಿ ಚಪ್ಪಡಿ ಮುಚ್ಚಿದರೆ ಒಂದು ಮನೆ. ಆಸೆ ಹೆಚ್ಚಿದ್ದವರಿಗೆ ಮೇಲೊಂದು ಮಹಡಿ. ಸೋಮವಾರ ಬಂದವರು ಆ ಗುಪ್ಪೆಗಳನ್ನು ನೋಡಿ, ಈ ಸಲ ಮನೆ ಕಟ್ಟುವ ಜಾಗ ಇಲ್ಲೇ ಇರಬೇಕೆಂದು ಕುಳಿತೇಬಿಟ್ಟರು. ಸಂಜೆಯ ಹೊತ್ತಿಗೆ ಸರಿ ಹಾದಿಯ ತುಂಬ ಮನೆಗಳು. ಇನ್ನೊಬ್ಬರ ಬೇಡಿಕೆಯ ಮನೆಗೆ ಕಾಲು ತಾಗಿಸಿದವರ ಮನೆ ಬಿರುಕು ಬಿಡುತ್ತದೆಂದು ಮಾತಿದೆ. ಹಾಗಾಗಿ ಇಳಿಯುವವರೆಲ್ಲ, ಎಂದೂ ಅಡ್ಡಹಾದಿ ತುಳಿಯದ ಮುದುಕಿಯರೂ ಸೇರಿ, ಸೆರಗು ಕಟ್ಟಿಕೊಂಡು ಅಡ್ಡಹಾದಿಯಲ್ಲಿ ಜಾರಿದರು.

ಮುಂದಿನ ಭಾನುವಾರ ಗುಂಪು ಆ ತಿರುವಿಗೆ ಬಂದು ಮನೆಗಳ ಮುಂದೆ ನಿಂತಿತು.

“ತಗದುಬಿಡೋಣು” ಎಂದಳು ಚನ್ನಮ್ಮ. ಆದರೆ ಅವಳೂ ಬಗ್ಗಲಿಲ್ಲ. ಅವಳ ಮನೆಗೆ ಸಾಲ ಮಂಜೂರಾಗುವುದಿತ್ತು.

“ನನ್ನ ಕೈಲೆ ಆಗಂಗಿಲ್ರಿ” ಎಂದು ಹುಚ್ಚೀರಪ್ಪ ಕೈಗಳನ್ನು ಹಿಂದೆ ಕಟ್ಟಿಕೊಂಡ. “ಅಲ್ಲಿ ಮೂಲ್ಯಾಗಿರೂದು ನಮ್ಮ ಮನಿಯಾಕಿದು. ಮಹಡಿ ಬ್ಯಾಡ ಅಂದೆ, ಕೇಳಲಿಲ್ಲ.”

ಶೇಖಸಾಬ ನಗಲು ಶುರು ಮಾಡಿದ. ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಕಲ್ಲಿನ ಮೇಲೆ ಕುಳಿತ. “ಮುಳ್ಳು ಹಾಕಿದ್ರ ತಗದ್ರು. ಕರಡಿ ಅಂದ್ರ ನೋಡಾಕ ಬಂದ್ರು. ಇದನ್ನ ಮಾತ್ರ ಯಾವ ಗಂಡಸೂ ದಾಟಾಂಗಿಲ್ಲ. ಅಂದ್ರ ಬೇಲಿ ಸರಿ ಐತ್ರಿ ಮೇಡಮ್ಮಾರ, ಜಾಗಾ ತಪ್ಪೈತಿ.”

“ಕಿತ್ತರ ಪಾಪ ಅಲ್ಲೇನು?” ಎಂದ ಹುಚ್ಚೀರಪ್ಪ.

“ಕೀಳೂದ್ಯಾಕ? ಹಮ್ಮಿಗಿ ಕಡೆ ಹೊಳಿಗೆ ಬ್ಯಾರೇಜ್ ಕಟ್ಟಿದಾಗ ಊರಾಗಿನ ಮಂದಿ ಎದ್ದು ಬ್ಯಾರೆ ಕಡೆ ಹೋಗಲಿಲ್ಲೇನು? ಇದೂ ಪುನರ್ವಸತಿ.”

ಚನ್ನಮ್ಮನಿಗೆ ದಾರಿ ಕಂಡಿತು. ಚೀಲದಿಂದ ಸೀಮೆಸುಣ್ಣ ತೆಗೆದು ಪ್ರತಿ ಕಲ್ಲಿಗೂ ಗುರುತು ಹಾಕಿದಳು: ಯಾವ ಮನೆ, ಎಡಗಲ್ಲೋ ಬಲಗಲ್ಲೋ, ಎಷ್ಟನೆಯ ಮಹಡಿ. ಒಬ್ಬರ ಚಪ್ಪಡಿ ಇನ್ನೊಬ್ಬರ ಗೋಡೆಗೆ ಹೋಗಬಾರದು. ದಿನವಿಡೀ ಹೊತ್ತರು. ಸಂಜೆಗೆ ಅಡ್ಡಹಾದಿಯ ಬಾಯಿಯಲ್ಲಿ ಒಂದು ಕಲ್ಲಿನ ಊರೇ ಎದ್ದಿತ್ತು. ಯಾರೂ ನೋಡದಾಗ ಶೇಖಸಾಬ ಅದರ ಅಂಚಿನಲ್ಲಿ, ಒಂದು ಚಪ್ಪಲಿ ಹಿಡಿಯುವಷ್ಟು ಸಂದಿ ಬಿಟ್ಟ. ಅದು ಅವನಿಗಾಗಿ. ಹುಟ್ಟುಗುಣ.

ಸೋಮವಾರ ಅಂಗಡಿಗೆ ಬೀಗ ಹಾಕಿ ಹುಚ್ಚೀರಪ್ಪನೊಡನೆ ಬಂಡೆಯ ಹಿಂದೆ ಅಡಗಿ ಕುಳಿತ. ಇಳಿಯುವವರು ಬಂದರು, ಕಲ್ಲಿನ ಊರು ನೋಡಿದರು, ಸುತ್ತಿನ ಹಾದಿ ಹಿಡಿದರು. ಕೆಲವರು ಇನ್ನೊಂದು ಮನೆ ಸೇರಿಸಿಯೇ ಹೋದರು. ಶೇಖಸಾಬ ಗೆಳೆಯನ ತೊಡೆ ಚಿವುಟಿದ.

ಅಷ್ಟರಲ್ಲಿ ಹಮ್ಮಿಗಿಯ ಬಸವಣ್ಣೆವ್ವ ಎಂಬ ಹಿರಿಯಾಕೆ ಖಾಲಿಯಾದ ತಿರುವಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಹೋದ ಸ್ವಾಮಾರ ಇಲ್ಲೇ ಕಟ್ಟಿದ್ದೆ. ನನ್ನ ಮನಿ ಯಾವ ಖೋಡಿ ಕದ್ದಾನ?” ಹಿಂದಿದ್ದ ಹೆಂಗಸರು ತಂತಮ್ಮ ಮನೆ ಹುಡುಕತೊಡಗಿದರು. ಗದ್ದಲವೆದ್ದಿತು. ಇವರು ಸಿಟ್ಟಿನಿಂದ ಅಲ್ಲೇ ಮತ್ತೆ ಕಟ್ಟಿದರೆ ಎಲ್ಲ ಮುಗಿದಂತೆ. ಶೇಖಸಾಬ ಬಂಡೆಯ ಹಿಂದಿನಿಂದ ಎದ್ದು ಬಂದು, ಅವಳು ನಿಂತ ಜಾಗದಲ್ಲಿ ಯಾವ ಮನೆಯಿತ್ತೆಂದು ನೆನೆಸಿಕೊಂಡ.

“ಕದ್ದಿಲ್ಲ ಯವ್ವಾ, ಸ್ಥಳಾಂತರ ಆಗೈತಿ. ಬರ್ರಿ, ತೋರಸ್ತೀನಿ. ನಿಮ್ಮದು ಕಾರ್ನರ್ ಪ್ಲಾಟು.”

ಅವಳು ಬಂದು ಕುಕ್ಕರುಗಾಲಲ್ಲಿ ಕುಳಿತು ಕಲ್ಲು ಕಲ್ಲನ್ನೂ ಪರೀಕ್ಷಿಸಿದಳು. ಎಡಗಲ್ಲು ಎಡಕ್ಕೇ ಇತ್ತು, ಮಹಡಿ ಮನೆಯ ಮೇಲೇ ಇತ್ತು. ಆಮೇಲೆ ತಲೆಯೆತ್ತಿದಳು.

“ಬಾಗಲಾ?”

“ಏನ್ ಬಾಗಲಾ?”

“ನಾ ಮೂಡಲಕ್ಕ ಬಾಗಲಾ ಇಟ್ಟಿದ್ದೆ. ತೆಂಕಲಕ್ಕ ಮಾಡಿ ಕುಂತಿ. ತೆಂಕಲ ಬಾಗಲದ ಮನ್ಯಾಗ ನೀ ಇರತೀಯೇನೋ ಸಾಬಾ?”

ಅಷ್ಟು ಗುರುತು ಹಾಕಿದ್ದ ಚನ್ನಮ್ಮ ದಿಕ್ಕು ಗುರುತಿಸುವುದನ್ನು ಮರೆತಿದ್ದಳು. ಶೇಖಸಾಬ ತಲೆ ಕೆರೆದುಕೊಂಡ. “ನನ್ನ ಬಾಡಿಗಿ ಮನಿ ಬಾಗಲಾ ತೆಂಕಲಕ್ಕ ಐತ್ರೆವ್ವಾ. ಅದಕ್ಕ ಇನ್ನೂ ಬಾಡಿಗ್ಯಾಗ ಅದೀನಿ ಕಾಣತೈತಿ.”

ಬಸವಣ್ಣೆವ್ವ ನಗು ತಡೆಯಲು ಬಾಯಿಗೆ ಸೆರಗು ಹಿಡಿದಳು, ಆಗಲಿಲ್ಲ. ಜಾಗ ಬದಲಿಸಿದ್ದು ಯಾಕೆಂದು ಅವನು ಕೊರಕಲನ್ನೂ ಹೂಳು ತುಂಬಿದ ಒರತೆಯನ್ನೂ ತೋರಿಸಿ ಹೇಳಿದ. ಹೊಳೆದಂಡೆಯವಳಿಗೆ ನೀರಿನ ಮಾತು ಬೇಗ ತಿಳಿಯಿತು. “ಬರ್ರೆವ್ವಾ, ಎಲ್ಲಾರೂ ಅವರವರ ಬಾಗಲಾ ತಿರಿವಿಕೋರಿ. ಜಾಗಾ ಇದ ಇರಲಿ” ಎಂದು ತಾನೇ ಮೇಸ್ತ್ರಿಯಾದಳು. ಆ ದಿನ ಊರು ಪೂರ್ತಿ ಪೂರ್ವಕ್ಕೆ ತಿರುಗಿತು.

ಶ್ರಾವಣ ಮುಗಿದ ಮರುವಾರ ಸಾಹೇಬರು ಬಂದರು. ಅಂದು ಬಾನುಬಿಯೂ ಬಂದಿದ್ದಳು. ತಾಳಿಕೊಂಡ ಕುತೂಹಲ ಕಟ್ಟೆಯೊಡೆದು, ರೊಟ್ಟಿ-ಝುಣಕದ ಗಂಟು ಹೊತ್ತು ಗುಡ್ಡ ಏರಿದ್ದಳು. ಸಾಹೇಬರು ಅಡ್ಡಹಾದಿಯ ಬಾಯಿಗೆ ಬಂದು ಕಲ್ಲಿನ ಊರು ನೋಡಿದರು. ದಾಟಲು ಒಂದು ಕಾಲೆತ್ತಿದರು. ಕಾಲು ಗಾಳಿಯಲ್ಲಿ ಸ್ವಲ್ಪ ಹೊತ್ತು ಯೋಚಿಸಿ ಇದ್ದಲ್ಲಿಗೇ ಬಂತು. ಕೊರಕಲಿನಲ್ಲಿ ಹೊಸ ಹುಲ್ಲಿನ ಕುಡಿ ಮೂಡಿದ್ದೂ ಅವರಿಗೆ ಕಂಡಿತು.

“ಮುಚ್ಚೈತಿ” ಎಂದರು. ಆಮೇಲೆ ಅಂಚಿಗೆ ಬಗ್ಗಿದರು. “ಆದ್ರ ಇಲ್ಲಿ ಒಂದು ಸಂದಿ ಉಳದೈತಿ. ಯಾರೋ ಇವತ್ತ ಮುಂಜಾನಿ ಓಡಾಡ್ಯಾರ.”

ಹಸಿಮಣ್ಣಿನಲ್ಲಿ ಇಳಿದು ಹತ್ತಿದ ಹೆಜ್ಜೆ. ಅಚ್ಚು ಸ್ಪಷ್ಟವಾಗಿತ್ತು: ಟಯರಿನ ಚಪ್ಪಲಿ. ಗುಂಪಿನಲ್ಲಿ ಉಳಿದವರೆಲ್ಲ ಬೂಟಿನವರು. ಹುಚ್ಚೀರಪ್ಪ ಶೇಖಸಾಬನ ಪಾದ ನೋಡಿದ, ಚನ್ನಮ್ಮ ನೋಡಿದಳು, ಸಾಹೇಬರೂ ನೋಡಿದರು. ಶೇಖಸಾಬ ಆಕಾಶ ನೋಡಿದ.

“ಚಾಕ್ಕ ನೀರು ತರಾಕ ಒರತಿಗೆ ಹೋಗಿದ್ದೆರಿ” ಎಂದ ಕಡೆಗೆ. “ಎಲ್ಲಾರೂ ದಮ್ಮು ಹತ್ತಿ ಬಂದಿದ್ರು. ಜಲ್ದಿ ಆಗಲಿ ಅಂತ…”

“ಒಂದು ಹೆಜ್ಜಿ ಇದ್ದಲ್ಲಿ ನಾಳೆ ನೂರು ಬೀಳತಾವು. ಹಿಂಗಿದ್ರ ನಾ ತಂತಿ ಹಾಕಬೇಕಾಗತೈತಿ.”

ಶೇಖಸಾಬ ಪಾದಗಳನ್ನು ಹಿಂದಕ್ಕೆಳೆದುಕೊಂಡ. ಊರಿಗೆಲ್ಲ ಅಡ್ಡ ಇಟ್ಟ ಬೇಲಿಯಲ್ಲಿ ತಾನೇ ತನ್ನ ಉಸಿರಿಗೆ ತೂತು ಕೊರೆದಿದ್ದ. ಕೆಮ್ಮು ಬಂತು, ಈ ಸಲ ನಗು ಜೊತೆಗಿರಲಿಲ್ಲ.

ಬಾನುಬಿ ಗಂಟು ಕೆಳಗಿಟ್ಟಳು. ಅತ್ತಿತ್ತ ನೋಡಿ ಎರಡು ಗಟ್ಟಿ ಕಲ್ಲು ಆರಿಸಿ ತಂದು ಆ ಸಂದಿಯಲ್ಲಿ ನಿಲ್ಲಿಸಿದಳು. ಮೇಲೊಂದು ಅಗಲ ಚಪ್ಪಡಿ. ಬಾಗಿಲು ಪೂರ್ವಕ್ಕೆ. ಯೋಚಿಸಿ ಮಹಡಿಯನ್ನೂ ಏರಿಸಿದಳು. ಎದ್ದು ಕೈ ಕೊಡವಿಕೊಂಡು ಗಂಡನ ಕಡೆ ತಿರುಗಿದಳು.

“ಏನ್ರೀ, ಇಷ್ಟು ಮಂದಿ ಮನಿ ಹೊತ್ತು ಇಟ್ರಿ. ನಮ್ಮದೊಂದು ಇಡಾಕ ಜಾಗಾ ಬಿಟ್ಟಿದ್ರಿ, ಹೌದಲ್ಲ?”

“ಹೌದು, ಹೌದು. ಅದಕ್ಕ ಬಿಟ್ಟಿದ್ದೆ” ಎಂದ ಶೇಖಸಾಬ, ಸಾಹೇಬರ ಕಡೆ ನೋಡದೆ.

ಸಾಹೇಬರು ತುಟಿ ಕಚ್ಚಿ ನಗು ನುಂಗಿದರು. “ಆತು. ಈಗ ಪೂರ್ತಿ ಮುಚ್ಚೈತಿ” ಎಂದು ಸುತ್ತಿನ ಹಾದಿಯಲ್ಲಿ ಇಳಿದುಹೋದರು.

ರೊಟ್ಟಿ ತಿಂದಾದ ಮೇಲೆ ಚಹಾಕ್ಕೆ ನೀರು ಸಾಲಲಿಲ್ಲ. ಶೇಖಸಾಬ ಕೊಡ ಎತ್ತಿಕೊಂಡು ಅಭ್ಯಾಸಬಲದಿಂದ ಅಂಚಿನವರೆಗೆ ಹೋದ. ತನ್ನ ಮನೆ ಅಡ್ಡ ಕುಳಿತಿತ್ತು, ಮಹಡಿ ಸಮೇತ. ಹಿಂದೆ ಬಾನುಬಿ ನೋಡುತ್ತಿದ್ದಳು. ಅವನು ಕೊಡವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಬದುಕಿನಲ್ಲಿ ಮೊದಲ ಸಲ, ಯಾರೂ ಹೇಳದೆ ಸುತ್ತಿನ ಹಾದಿ ಹಿಡಿದ.