ಹಾಸಿನ ಕೋಲಿನ ಮೇಲೆ ಅಪ್ಪನ ಸೈಕಲ್ಲು

ಆ ಕಾಲದಲ್ಲಿ ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಯಾರ ಸೈಕಲ್ಲು ಕೆಟ್ಟರೂ ಅವರವರ ಮನೆಮುಂದೆಯೇ ರಿಪೇರಿ. ಮಗ್ಗದ ಸದ್ದು, ಬಣ್ಣ ಹಾಕಿದ ರೇಷ್ಮೆಯ ವಾಸನೆ, ಶೇಂಗಾ ಹುರಿಯುವ ಘಮ, ನಡುವೆ ಹಳೇ ಟೈರು ಉರುಳಿಸಿಕೊಂಡು ಓಡುವ ನಾವು. ಬೇಗ ಶಾಲೆ ಬಿಟ್ಟ ನನಗೆ ಅಪ್ಪನ ಮಗ್ಗಕ್ಕೆ ನೂಲು ಸುತ್ತಿಕೊಡುವುದೇ ಕೆಲಸ.

ಆ ಬೇಸಿಗೆಯಲ್ಲಿ ಅಪ್ಪ ಒಂದು ಧಾರೆ ಸೀರೆ ನೇಯುತ್ತಿದ್ದ. ಬೆಳಗಾದರೆ ಸಿದ್ದಾಪುರದಾಚೆಯ ಹಳ್ಳಿಯಲ್ಲಿ ಮದುವೆ. ಬಸ್ಸಿಲ್ಲದ ಊರು, ಸೈಕಲ್ಲೇ ಗತಿ. ಸೀರೆ ಇನ್ನೂ ಗೇಣುದ್ದ ಬಾಕಿ ಇತ್ತು. ಸೈಕಲ್ಲಿನ ಚೈನೋ, ತುಳಿದಾಗಲೆಲ್ಲ ಕಳಚಿ ಬೀಳುತ್ತಿತ್ತು.

"ಚೈನು ಮುಟ್ಟಿದ ಕೈಲಿ ರೇಷ್ಮೆ ಮುಟ್ಟಂಗಿಲ್ಲ. ಅಮ್ಮಾಯೀ, ನೀನೇ ನೋಡು" ಎಂದು ನನಗೆ ಹೇಳಿದ ಅಪ್ಪ, ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಗುಂಡಿಯಿಂದಲೇ.

"ಅವಳ ಕೈಗೂ ಕರಿ ಆದ್ರೆ ನೂಲು ಸುತ್ತೋರ್ಯಾರು?" ಅವ್ವ ಕೇಳಿದಳು.

"ನೀನು ಸುತ್ತು!"

ಚೈನು ಬಿಗಿಯಾಗಬೇಕಾದರೆ ಹಿಂದಿನ ಚಕ್ರ ಸಡಿಲಿಸಿ ಎಳೆದು ಕಟ್ಟಬೇಕು. ಸೈಕಲ್ಲಿನ ಸ್ಟ್ಯಾಂಡು ಆ ಚಕ್ರದ ನಟ್ಟಿಗೇ ಸೇರಿದ್ದು, ನಟ್ಟು ಬಿಚ್ಚಿದರೆ ಸೈಕಲ್ಲೇ ಮಲಗುತ್ತದೆ. ತಲೆಕೆಳಗು ಮಾಡಹೋದೆ. "ಲೇ, ಬೆಲ್ಲು ಮುರೀತೈತೆ!" ಎಂದು ಅಪ್ಪ ಕೂಗಿದ. ಬೇವಿನ ಕೊಂಬೆಗೆ ಹಗ್ಗ ಹಾಕಿ ತೂಗುಬಿಟ್ಟರೆ ತೊಟ್ಟಿಲಾಗಿ, ಪೆಡಲ್ಲು ಬಂದು ಮೊಣಕಾಲಿಗೆ ಬಡಿಯಿತು.

ಆಗ ಗೋಡೆಗೆ ಒರಗಿಸಿದ್ದ ಕೋಲುಗಳು ಕಂಡವು. ಬೀದಿಯುದ್ದಕ್ಕೂ ಹಾಸು, ಅಂದರೆ ಸೀರೆಯ ಉದ್ದದ ನೂಲು, ಚಾಚುವಾಗ ಎಳೆಗಳು ನೆಲ ಮುಟ್ಟದಂತೆ ಎತ್ತಿಹಿಡಿಯುವ, ಕತ್ತರಿಯಂತೆ ಕಟ್ಟಿದ ಜೋಡಿಗೋಲುಗಳು. ಅವ್ವನ ಕೈಯಲ್ಲಿ ಸೈಕಲ್ಲು ಎತ್ತಿಸಿ, ಒಂದು ಜೋಡಿಯನ್ನು ಹ್ಯಾಂಡಲ್ಲಿನ ಹತ್ತಿರ, ಇನ್ನೊಂದನ್ನು ಸೀಟಿನ ಕೆಳಗೆ ಕೊಟ್ಟೆ. ಎರಡು ಚಕ್ರವೂ ಗಾಳಿಯಲ್ಲಿ!

ಎದುರು ಜಗಲಿಯ ರಂಗ ತಾತ ನಕ್ಕ. "ಏನೇ, ಸೈಕಲ್ಲಿಗೆ ಹಾಸು ಹೂಡ್ತೀಯಾ? ನಾಳೆ ಹೆಣ್ಣಿಗೆ ಅದನ್ನೇ ಉಡ್ಸು!"

"ಸುಮ್ನಿರ್ರಿ ತಾತ, ಬಂದು ಸ್ಪ್ಯಾನರ್ ಹಿಡ್ಕಳ್ರಿ!"

ಗುಂಡಿಯಲ್ಲಿ ಕೂತ ಅಪ್ಪನಿಗೆ ಬಾಗಿಲಿನಿಂದ ಬರೀ ಚಕ್ರ ಕಾಣುತ್ತಿತ್ತು. "ಇನ್ನೊಂಚೂರು ಎಳಿ. ಎರಡೂ ಕಡೆ ಸಮ ಐತಾ?" ಬಿಗಿ ಮಾಡಿ ಪೆಡಲ್ಲು ತಿರುಗಿಸಿದೆ. ಚಕ್ರ ಗಿರ್ರೆಂದಿತು. ಚೈನು ಬೀಳಲಿಲ್ಲ. ಮಗ್ಗ ನಿಂತಿತು. "ಬಾಗುಂದೇ!" ಎಂದ ಅಪ್ಪ, ಚೆನ್ನಾಗೈತಲ್ಲ ಅಂತ ನಮ್ಮ ಮನೆಮಾತು ತೆಲುಗಿನಲ್ಲಿ.

ಮಾರನೇ ದಿನ ಮದುವೆಮನೆಯಿಂದ ಹೋಳಿಗೆ ಗಂಟಿನೊಂದಿಗೆ ಬಂದ ಅಪ್ಪ ಅವ್ವನಿಗೆ ಹೇಳಿದ: "ಧಾರೆಗೆ ಮೊದಲೇ ಸೀರೆ ಮುಟ್ಟಿಸ್ದೆ. ಸೈಕಲ್ಲು ನನ್ನ ಮಗಳು ರಿಪೇರಿ ಮಾಡಿದ್ದು ಅಂತ ಚಪ್ಪರದಾಗೆಲ್ಲ ಹೇಳಿ ಬಂದೆ."

ಈಗ ನಾನಿರುವುದು ಚಳ್ಳಕೆರೆಯಲ್ಲಿ. ಮೊನ್ನೆ ಮೊಮ್ಮಗಳು ಫೋನು ಹಿಡಿದು ಬಂದಳು. ಮನೆಯಲ್ಲೇ ಸೈಕಲ್ ರಿಪೇರಿ ಮಾಡಲು ಸ್ಟ್ಯಾಂಡು ಬೇಕಂತೆ. "ಯಾವ್ದು ತಗೊಳ್ಳಲಿ ಅಜ್ಜಿ?" ನನ್ನನ್ನು ಕೇಳಿದಳಲ್ಲ, ಎದೆ ಉಬ್ಬಿಹೋಯಿತು.

"ಬರೀ ಹಿಂದಿನ ಚಕ್ರ ಎತ್ತೋದು ಬ್ಯಾಡ. ಇಡೀ ಸೈಕಲ್ಲು ಎತ್ತಿ ಹಿಡಿಯೋದು ನೋಡು. ಕಾಲು ಅಗಲ ಇರ್ಲಿ, ಹಿಡಿಯೋ ಜಾಗಕ್ಕೆ ರಬ್ಬರ್ ಇರ್ಲಿ."

ಸ್ಟ್ಯಾಂಡು ಬಂತು. ಸೈಕಲ್ಲು ಏರಿಸಿ, ಬ್ರೇಕು ಬಿಚ್ಚಿ, ತಾನೇ ಕಟ್ಟಿದಳು. "ಅಲ್ಲಾಡ್ಲೇ ಇಲ್ಲ ಅಜ್ಜಿ!"

ನನ್ನ ತವರಿನ ಬೀದಿಯಲ್ಲಿ ಈಗ ಹಾಸು ಚಾಚಲು ಜಾಗವಿಲ್ಲ, ತುಂಬ ಗಾಡಿಗಳು. ಇಲ್ಲಿಯೂ ಸೈಕಲ್ಲು ಗೇಟಿನೊಳಗೇ ರಿಪೇರಿಯಾಗುತ್ತದೆ, ಚೇಷ್ಟೆ ಮಾಡಲು ಒಬ್ಬರೂ ಇಲ್ಲ. ಗೇಟು ತೆಗೆಸಿ ಕೂತು ನೋಡಿದೆ, ಹಾದುಹೋದವರಾರೂ ತಿರುಗಿ ನೋಡಲಿಲ್ಲ. ಕೊನೆಗೆ ನಾನೇ ಬೀದಿಗಿಳಿದು ಕೂಗಿದೆ:

"ಬರ್ರಿ, ನನ್ನ ಮೊಮ್ಮಗಳು ಏನು ಮಾಡ್ಯಾಳೆ ನೋಡಿ ಹೋಗ್ರಿ!"