ಶೂ ಹಾಕಿಕೊಂಡು ಕೊಟ್ಟ ಅಳತೆ

ನಮ್ಮ ಮನೆಯಲ್ಲಿ ಮರದ ಸಾಮಾನಿಗೆ ಯಾವತ್ತೂ ಕೊರತೆಯಿರಲಿಲ್ಲ, ಕೂರುವುದಕ್ಕೆ ಮಾತ್ರ ಜಾಗವಿರಲಿಲ್ಲ. ಅರಸೀಕೆರೆಯ ಈ ಮನೆಯ ಹಿತ್ತಲಿನಲ್ಲಿ ಶೀಟು ಹೊದಿಸಿದ ಒಂದು ಚಪ್ಪರವಿದೆ. ಕಚೇರಿಯಿಂದ ಬಂದು ಲುಂಗಿ ಸುತ್ತಿಕೊಂಡರೆಂದರೆ ನನ್ನ ಗಂಡ ಅಲ್ಲೇ. ಗರಗಸ, ಉಳಿ, ಉಪ್ಪುಕಾಗದ. ಬಾಗಿಲಿಲ್ಲದ ಬೀರು, ಮೂರೇ ಕಾಲಿನ ಟೀಪಾಯಿ, ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಶುರುವಾಗಿ ಅವಳು ಪಿಯುಸಿಗೆ ಬಂದರೂ ಮುಗಿಯದ ಓದುವ ಮೇಜು. ಊಟದ ಮೇಜೊಂದು ಹೇಗೋ ಮುಗಿದುಬಿಟ್ಟಿತು, ಅದರ ಮೇಲೆ ಈಗ ಮೊಳೆಯ ಡಬ್ಬಿಗಳಿವೆ. ಮರದ ಹೊಟ್ಟು ಗುಡಿಸುವವಳು ನಾನು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ದಿನಕ್ಕೆ ಐದು ಪೀರಿಯಡ್ ಬೋರ್ಡಿನ ಮುಂದೆ ನಿಂತು ಮನೆಗೆ ಬರುವಷ್ಟರಲ್ಲಿ ಪಾದ ಊದಿ, ಚಪ್ಪಲಿಯ ಪಟ್ಟಿ ಚರ್ಮದ ಮೇಲೆ ಅಚ್ಚಾಗಿರುತ್ತದೆ. ಮನೆಯಲ್ಲಿದ್ದ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸದಾ ಅಂಟು ಒಣಗುವ ಹಲಗೆಗಳು ಮಲಗಿರುತ್ತಿದ್ದವು. ಹಲಗೆ ಎತ್ತಿಟ್ಟು ಕೂರಬಹುದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಡುಮನೆಯಲ್ಲಿ ಗೋಡೆಗೆ ಒರಗಿಕೊಂಡು ಅತ್ತೆ ಮಣೆಯ ಮೇಲೆ ಕೂತಿರುತ್ತಿದ್ದರು. ಗಂಡಸಿ ಹೋಬಳಿಯ ಹಳ್ಳಿಯಿಂದ ಬರುವಾಗ ಅವರು ತಂದ ಹಲಸಿನ ಮಣೆ ಅದು. ಊಟ, ಸೊಪ್ಪು ಸೋಸುವುದು, ಟಿವಿ ನೋಡುವುದು ಎಲ್ಲ ಅದರ ಮೇಲೆಯೇ. ಅತ್ತೆ ನೆಲಕ್ಕಂಟಿದ ಮಣೆಯ ಮೇಲೆ, ಸೊಸೆ ಅವರೆದುರು ಕುರ್ಚಿಯ ಮೇಲೆ! ಕೂರಬೇಡ ಎಂದು ಅವರು ಯಾವತ್ತೂ ಹೇಳಿದವರಲ್ಲ. ಕೂರು ಎಂದೂ ಹೇಳಲಿಲ್ಲ. ಇಪ್ಪತ್ತು ವರ್ಷ ನಾನು ಅಡುಗೆಮನೆಯ ಕಟ್ಟೆಗೆ ಸೊಂಟ ಆನಿಸಿಕೊಂಡೇ ಕಾಫಿ ಕುಡಿದೆ.

ದಸರಾ ರಜೆಯಲ್ಲಿ ಗುಡ್ಡಕ್ಕೆ ಹೋಗುವುದು ನಮ್ಮಲ್ಲಿ ರೂಢಿ. ಬಿಕ್ಕೋಡಿನ ಆಚೆ ಗಂಡನ ಸ್ನೇಹಿತರೊಬ್ಬರ ಕಾಫಿ ತೋಟದಲ್ಲಿ ಎರಡು ಕೋಣೆಯ ಮನೆ ಖಾಲಿ ಇದೆ. ಎರಡು ದಿನ ಆರಾಮಾಗಿರೋಣ ಎನ್ನುತ್ತಾರೆ ಇವರು. ಯಾರು ಆರಾಮಾಗಿರುವುದು ಎಂದು ಹೇಳುವುದಿಲ್ಲ. ಅತ್ತೆ ಹೊರಗಿನದು ತಿನ್ನುವುದಿಲ್ಲ. ಹಾಗಾಗಿ ಸ್ಟೌವ್, ಕುಕ್ಕರ್, ರಾಗಿ ಹಿಟ್ಟು, ಒಗ್ಗರಣೆ ಡಬ್ಬಿ, ಕೊನೆಗೆ ಆ ಮಣೆ ಕೂಡ ಕಾರಿಗೆ ಏರುತ್ತದೆ. ಅಡುಗೆಮನೆಗೆ ಚಕ್ರ ಕಟ್ಟಿಕೊಂಡು ಹೊರಟ ಹಾಗೆ. ಹಳೇಬೀಡಿನಲ್ಲಿ ಲೋಕವೆಲ್ಲ ಕಲ್ಲು ನೋಡುತ್ತಿದ್ದರೆ ನಾವು ಮರ ಕೊಯ್ಯುವ ಸಾಮಿಲ್ಲಿನ ಮುಂದೆ ನಿಂತಿರುತ್ತೇವೆ. ಬೇಲೂರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ದಿಮ್ಮಿ ಕಂಡಲ್ಲೆಲ್ಲ ಕಾರು ನಿಲ್ಲುತ್ತದೆ. ವಾಪಸು ಬರುವಾಗ ತೋಟದವರು ಕಡಿಸಿದ ಸಿಲ್ವರ್ ಓಕ್ ಮರದ ಹಲಗೆಗಳು ಕಾರಿನ ತಲೆಯ ಮೇಲಿರುತ್ತವೆ. ರಜೆ ಮುಗಿಸಿ ಸ್ಕೂಲಿಗೆ ಹೋದರೆ ನನಗೆ ಸ್ವಲ್ಪ ವಿಶ್ರಾಂತಿ.

ಎರಡು ವರ್ಷದ ಹಿಂದೆ ಹೋದಾಗ ನನಗೆ ಗುಡ್ಡ ಹತ್ತಲಾಗಲಿಲ್ಲ. ಮಗಳು ಹಟ ಹಿಡಿದು ಕೊಡಿಸಿದ್ದ ದಪ್ಪ ಅಟ್ಟೆಯ ಶೂ ಹಾಕಿಕೊಂಡು ಹೊರಟವಳು, ಕಾಲುಭಾಗ ದಾರಿ ಹತ್ತುವಷ್ಟರಲ್ಲಿ ಒಂದು ಬಂಡೆಯ ಮೇಲೆ ಕೂತುಬಿಟ್ಟೆ. ಕೂತವಳಿಗೆ ಅಳು ಬಂತು. ನೋವಿಗೆ ಅಲ್ಲ. ಕೂತದ್ದು ಅಷ್ಟು ಹಿತವಾಗಿತ್ತು, ಅದಕ್ಕೆ.

ಮಗಳು ಮುಂದೆ ಓಡಿದ್ದಳು. ಇವರು ಹಿಂತಿರುಗಿ ಬಂದು ನನ್ನನ್ನೇ ನೋಡುತ್ತಾ ನಿಂತರು. ಆಮೇಲೆ ಜೇಬಿನಿಂದ ಹುರಿ ತೆಗೆದರು. ಮನೆಮಂದಿಗೆ ಮಾಡುವ ಸಾಮಾನಿಗೆ ಇವರು ಟೇಪು ಮುಟ್ಟುವುದಿಲ್ಲ. ಅವರ ಅಪ್ಪ ಹಾಗೆಯೇ ಮಾಡುತ್ತಿದ್ದರಂತೆ. ಮೈಗೆ ಹುರಿ ಹಿಡಿದು ಗಂಟು ಹಾಕುವುದು, ಆ ಗಂಟೇ ಅಳತೆ.

"ಅಲ್ಲಾಡ್ಬೇಡ ಕಣೇ," ಎಂದು ಮಂಡಿಯ ಹಿಂದಿನಿಂದ ನೆಲದವರೆಗೆ ಹುರಿ ಇಳಿಬಿಟ್ಟರು.

"ಇದೇನ್ರೀ, ದಾರೀಲಿ?"

"ನಿಂಗೊಂದು ಕುರ್ಚಿ ಮಾಡ್ತೀನಿ. ನಿಂಗೇ. ಬೇರೆ ಯಾರಿಗೂ ಅಲ್ಲ."

ನಾನು ನಂಬಲಿಲ್ಲ. ಓದುವ ಮೇಜಿನ ಗತಿ ಕಂಡವಳು ನಾನು. ಆದರೆ ಗಂಟು ಹಾಕಿದ ಆ ಹುರಿ ಚಪ್ಪರದ ಮೊಳೆಗೆ ನೇತುಬಿದ್ದಿದ್ದನ್ನು ಹೊಟ್ಟು ಗುಡಿಸುವಾಗಲೆಲ್ಲ ಕದ್ದು ನೋಡುತ್ತಿದ್ದೆ. ಒಂದು ದಿನ ಹುರಿಯ ಕೆಳಗೆ ನಾಲ್ಕು ಕಾಲು ಬಂದವು. ಆ ಕಾಲುಗಳ ತುದಿಗೆ ಸುತ್ತಲೂ ಕಡಗದಂಥ ಬಳೆ ಕೊರೆಯುವುದಕ್ಕೇ ಇವರು ಒಂದು ಬೇಸಿಗೆ ಕಳೆದರು. ಅಂತೂ ಈ ವರ್ಷ ಯುಗಾದಿಯ ಮಾರನೇ ದಿನ ಸಂಜೆ ಕುರ್ಚಿ ನಡುಮನೆಗೆ ಬಂತು, ಅತ್ತೆಯ ಮಣೆಯ ಎದುರಿಗೇ.

"ಕೂತ್ಕೋ," ಎಂದರು.

ಅತ್ತೆ ನೋಡುತ್ತಿದ್ದರು. ಇನ್‌ಸ್ಪೆಕ್ಷನ್ನಿನ ದಿನ ಪಾಠ ಮಾಡುವಾಗಲೂ ನಾನು ಅಷ್ಟು ಅಳುಕಿದವಳಲ್ಲ. ಕೂತೆ. ಬೆನ್ನು ಸರಿಯಾಗಿ ಒರಗಿತು, ಕುರ್ಚಿಯ ಕೈ ನನ್ನ ಕೈಗೆ ಸರಿಯಾಯಿತು. ಪಾದ ಮಾತ್ರ ನೆಲಕ್ಕೆ ತಾಗಲಿಲ್ಲ. ಹೆಬ್ಬೆರಳ ತುದಿ ಅಷ್ಟೇ ತಾಗುತ್ತಿತ್ತು.

"ಚೆನ್ನಾಗಿದೆ," ಎಂದೆ. ಇವರ ಕಣ್ಣು ಆಗಲೇ ನನ್ನ ಕಾಲಿಗೆ ಹೋಗಿತ್ತು. ಹುರಿ ತಂದು ಕುರ್ಚಿಗೆ ಹಿಡಿದರು, ಸರಿಯಿತ್ತು. ನನ್ನ ಕಾಲಿಗೆ ಹಿಡಿದರು, ಒಂದೂವರೆ ಇಂಚು ಹೆಚ್ಚಿತ್ತು.

ಮಗಳೇ ಕಂಡುಹಿಡಿದದ್ದು. "ಅಪ್ಪಾ, ಅವತ್ತು ಗುಡ್ಡದಲ್ಲಿ ಅಮ್ಮ ಶೂ ಹಾಕ್ಕೊಂಡಿದ್ಲಲ್ವಾ?"

ಅಳೆದವರಿಗೂ ತೋಚಲಿಲ್ಲ, ಅಳೆಸಿಕೊಂಡ ಗಣಿತದ ಮೇಡಮ್ಮಿಗೂ ತೋಚಲಿಲ್ಲ. ಇವರು ಹೋಗಿ ಗರಗಸ ತಂದರು. ಒಂದೂವರೆ ಇಂಚು ಕೊಯ್ದರೆ ಆ ಬಳೆಗಳೆಲ್ಲ ಹೋಗುತ್ತಿದ್ದವು. ಗರಗಸ ಹಿಡಿದು ಅವರು ಆ ಬಳೆಗಳನ್ನೇ ನೋಡುತ್ತಾ ನಿಂತರು. "ಬೇಡ ಬಿಡಿ, ಅಭ್ಯಾಸ ಆಗುತ್ತೆ," ಎಂದೆ.

ಆಗಲಿಲ್ಲ. ಹತ್ತು ನಿಮಿಷಕ್ಕೆ ಅಂಚು ತೊಡೆಗೆ ಒತ್ತಿ ಕಾಲು ಜೋಮು ಹಿಡಿಯುತ್ತಿತ್ತು. ಮೂರನೇ ದಿನ ಸ್ಕೂಲಿನಿಂದ ಬಂದವಳು ಎಷ್ಟು ಸುಸ್ತಾಗಿದ್ದೆನೆಂದರೆ, ಅಟ್ಟದಿಂದ ಆ ಶೂ ಇಳಿಸಿ, ಒರೆಸಿ, ಹಾಕಿಕೊಂಡು ಹೋಗಿ ಕುರ್ಚಿಯಲ್ಲಿ ಕೂತೆ. ಎರಡೂ ಪಾದ ನೆಲಕ್ಕೆ ಊರಿದವು. ಕಣ್ಣು ಮುಚ್ಚಿದೆ.

"ಇದೇನವ್ವಾ, ಮನೆಯೊಳ್ಗೆ ಮೆಟ್ಟು!" ಅತ್ತೆಯ ಗಂಟಲು. "ದೇವ್ರ ಮನೆ ಎದುರ್ಗೇ ಐತೆ, ಕಾಣಾಕಿಲ್ವಾ?"

ಬೇರೆ ದಿನವಾಗಿದ್ದರೆ ಎದ್ದುಬಿಡುತ್ತಿದ್ದೆ. ಅವತ್ತು ಏಳಲಾಗಲಿಲ್ಲ. "ಅತ್ತೆ, ನನ್ನ ಕೈಲಾಗಲ್ಲ," ಎಂದೆ. "ನೀವು ಬೈದ್ರೂ ಸರಿ. ಒಂದು ಗಳಿಗೆ ಕೂರ್ತೀನಿ." ಇಪ್ಪತ್ತು ವರ್ಷದಲ್ಲಿ ಅವರಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಹೇಳಿ ಮುಗಿಸುವಷ್ಟರಲ್ಲಿ ನನಗೇ ಹೆದರಿಕೆಯಾಯಿತು.

ಅವರು ಗೋಡೆ ಹಿಡಿದು ಎದ್ದರು. ಎರಡು ಸಲ ಕುಸಿದು ಮೂರನೇ ಸಲ ಎದ್ದರು. ಬಗ್ಗಿ ಮಣೆ ಎತ್ತಿ, ನನ್ನ ಕುರ್ಚಿಯ ಮುಂದೆ ಹಾಕಿ, ಕಾಲಿನಲ್ಲಿ ನೂಕಿ ಸರಿಮಾಡಿದರು.

"ಆ ಮೆಟ್ಟು ಬಿಚ್ಚು. ಇದ್ರ ಮ್ಯಾಲೆ ಇಕ್ಕು ಕಾಲ."

"ಅಯ್ಯೋ, ನೀವು ಊಟ ಮಾಡೋ ಮಣೆ ಅತ್ತೆ!"

"ಇಕ್ಕವ್ವಾ ಅಂದ್ರೆ. ನನ್ಗೂ ಕೂತು ಏಳಕ್ಕಾಗಾಕಿಲ್ಲ. ನಾಳಿಂದ ಮೇಜಿನ್ ಮ್ಯಾಲೇ ಉಣ್ತೀನಿ."

ಅನ್ನ ಉಣ್ಣುವ ಮಣೆಯ ಮೇಲೆ ಪಾದವಿಟ್ಟೆ. ತಣ್ಣಗಿತ್ತು, ಅವರು ಕೂತ ನಡುಭಾಗ ಮಾತ್ರ ಬೆಚ್ಚಗಿತ್ತು. ಎತ್ತರ ಹೆಚ್ಚುಕಡಿಮೆ ಸರಿಹೋಯಿತು. ಆಗ ಹಿತ್ತಲಿನಿಂದ ಬಂದ ತಮ್ಮ ಮಗನನ್ನು ಅವರು ಗದರಿಕೊಂಡರು.

"ಏನ್ಲಾ ನೋಡ್ತೀಯ? ಹುರಿ ತಾ. ನನ್ಗೂ ಒಂದು ಕುರ್ಚಿ ಮಾಡು. ಬರಿಗಾಲ್ನಾಗೆ ಅಳ್ಕೊ ಈ ಸಲ."

ಅತ್ತೆಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ನಾನು ಕೆಳಗೆ ಕೂತೆ. ಇವರು ಮಂಡಿಯ ಹಿಂದೆ ಹುರಿ ಹಿಡಿದರು, ತುದಿಯನ್ನು ಹಿಮ್ಮಡಿಗೆ ಹಿಡಿಯುವುದು ನನ್ನ ಪಾಲಿಗೆ ಬಂತು. ಸೀರೆಯ ಅಂಚು ಸ್ವಲ್ಪ ಸರಿಸಿದೆ. ಪಾದ ಊದಿ ಕಾಲಿನ ಗಿಣ್ಣು ಮಾಂಸದೊಳಗೆ ಹೂತುಹೋಗಿತ್ತು. ಪ್ರತಿ ಹಬ್ಬಕ್ಕೂ ಮುಟ್ಟಿ ಕಣ್ಣಿಗೊತ್ತಿಕೊಂಡ ಪಾದ ಅದು. ಒಂದು ಸಲವೂ ನಾನು ನೋಡಿರಲಿಲ್ಲ.