ಚೆಲುವಮ್ಮನ ಕಣ್ಣಿಗೆ ಕಟ್ಟಿದ ಬಟ್ಟೆ

ಹನಗೋಡಿನ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರ ಬಾಯಿಗೆ ಬಿದ್ದವರ ಪಾಡು ಹೊಳೆಗೆ ಬಿದ್ದವರಿಗಿಂತ ಕಡೆ. ದೊಡ್ಡತಾಯಮ್ಮ ಚೆಲುವಮ್ಮನ ಹೆಸರನ್ನು ಮೊದಲು ಕೇಳಿದ್ದು ಅಲ್ಲೇ, ಶ್ರಾವಣದ ಒಂದು ಬೆಳಗ್ಗೆ. ತಿಮ್ಮಯ್ಯ ಮಿರ್ಲೆಯಿಂದ ತಂದ ಹೆಂಡತಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾಳಂತೆ, ಅವಳು ನೋಡಿದ ಹಸುವಿನ ಹಾಲು ಬತ್ತಿತಂತೆ. ಹೇಳಿದವಳು ತನ್ನ ಹಸುವಿಗೆ ಮೇವು ಹಾಕಿ ಎಷ್ಟು ದಿನವಾಗಿತ್ತೋ, ಅದನ್ನು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಚೆಲುವಮ್ಮನೇ ಬಟ್ಟೆಯ ಮಂಕರಿ ಹೊತ್ತು ಬಂದಳು. ಎಲ್ಲರೂ ಬಟ್ಟೆ ಹಿಂಡದೆ ಎದ್ದುಹೋದರು, ದೊಡ್ಡತಾಯಮ್ಮ ಎಲ್ಲರಿಗಿಂತ ಮುಂದೆ.

ಚೆಲುವಮ್ಮನಿಗಿದ್ದದ್ದು ಗಂಟಲಿನ ಕಾಯಿಲೆ. ಕತ್ತಿನ ಮುಂದೆ ಗಂಟು ಊದಿ, ಕೈ ನಡುಗಿ, ಎಷ್ಟು ತಿಂದರೂ ಮೈ ಇಳಿದಿತ್ತು. ಕಣ್ಣುಗುಡ್ಡೆ ಮುಂದಕ್ಕೆ ಬಂದು ರೆಪ್ಪೆ ಕೂಡುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ನೀರು ತುಂಬಿದ ಹಾಗೆ ಊತ. ಅತ್ತೆ ಮರಮ್ಮ ಮೊದಲು ಕತ್ತಿಗೆ ಬರೆ ಹಾಕಿಸಿದಳು. ಬರೆ ಕೀವಾದ ಮೇಲೆ ಹರಕೆ ಹೊತ್ತಳು. ಆಮೇಲಷ್ಟೇ ಹುಣಸೂರಿನ ಡಾಕ್ಟರ ನೆನಪಾಯಿತು.

ಡಾಕ್ಟರು ಹಾಲಿಗೆ ಹನಿಹನಿಯಾಗಿ ಬೆರೆಸಿ ಕುಡಿಯಲು ಕಂದು ಬಣ್ಣದ ಔಷಧಿ ಕೊಟ್ಟರು. ಉಪ್ಪು ಕಡಿಮೆ ಮಾಡಿ, ತಲೆ ಎತ್ತರಿಸಿ ಮಲಗಿಸಿ, ಬಿಸಿಲಿಗೆ ಕಪ್ಪು ಕನ್ನಡಕ ಹಾಕಿ ಎಂದರು. ಮಲಗುವಾಗ ಕಣ್ಣಿಗೆ ಶುದ್ಧ ಹರಳೆಣ್ಣೆ ಬಿಟ್ಟು, ರೆಪ್ಪೆಯನ್ನು ಬೆರಳಿನಿಂದ ಮುಚ್ಚಿ, ಮೆತ್ತನೆಯ ಪಟ್ಟಿಯನ್ನು ಹಗುರವಾಗಿ ಕಟ್ಟಬೇಕು. ಕಣ್ಣು ಒಣಗಿದರೆ ಹುಣ್ಣಾಗುತ್ತದೆ, ಹುಣ್ಣಾದರೆ ನೋಟವೇ ಹೋಗುತ್ತದೆ ಎಂದು ಬಿಡಿಸಿ ಹೇಳಿದರು.

ಮರಮ್ಮನ ಕಿವಿಗೆ ಬಿದ್ದದ್ದು ಉಪ್ಪಿನ ಮಾತೊಂದೇ. ಸಪ್ಪೆ ಊಟ ಸಾವಿನ ಮನೆಯದು, ತಾನಿನ್ನೂ ಬದುಕಿದ್ದೇನೆ ಎಂದು ಊರೆಲ್ಲ ಸಾರಿಕೊಂಡು ಬಂದಳು. ತಿಮ್ಮಯ್ಯನಂತೂ ಸಂತೆಯಲ್ಲಿ ಹಾಡಿ ಬೇಡುವ ಕುರುಡಿಯ ಹಾಗೆ ಕಾಣುತ್ತಾಳೆಂದು ಕನ್ನಡಕ ಕಿತ್ತು ತೊಲೆಯ ಮೇಲಿಟ್ಟ. ಹೆಂಡತಿಯ ಕಣ್ಣಿಗಿಂತ ಅವನ ಮೀಸೆಯೇ ದೊಡ್ಡದು.

ಆರೈಕೆಗೆ ಯಾರೂ ಹತ್ತಿರ ಸುಳಿಯಲಿಲ್ಲ. ಮರಮ್ಮ ದೊಡ್ಡತಾಯಮ್ಮನ ಬಾಗಿಲಿಗೆ ಬಂದಳು.

“ನೀನೇ ಬಾ ತಾಯಮ್ಮ. ನಿಂಗೇನು ಗಂಡನಾ, ಗದ್ದೆಯಾ? ಅವಳ ಕಣ್ ಬಿದ್ದು ಹಾಳಾಗೋಕೆ ನಿನ್ತಾವ ಏನೈತೆ?”

ಗಂಡ ಸತ್ತು ಹನ್ನೆರಡು ವರ್ಷವಾಗಿದ್ದ ದೊಡ್ಡತಾಯಮ್ಮ ಆ ಮಾತನ್ನು ನುಂಗಿ, ದಿನಕ್ಕೆರಡು ಮುದ್ದೆಯ ಆಸೆಗೆ ಹೋದಳು.

ಇಪ್ಪತ್ತರ ಹುಡುಗಿ ಚೆಲುವಮ್ಮ. ದೀಪ ಹಚ್ಚುವ ಹೊತ್ತಿಗೆ ದೊಡ್ಡತಾಯಮ್ಮ ಹುಲ್ಲು ತುಂಬಿದ ಎರಡು ಚೀಲ ತಲೆಗೆ ಕೊಟ್ಟು ಎಣ್ಣೆ ಬಿಡುವಾಗ, “ಮುಚ್ತಾ ನೋಡಿ ತಾಯಕ್ಕ, ಇಲ್ದಿದ್ರೆ ಕನಸಿಗೂ ಸೊಳ್ಳೆ ನುಗ್ತವೆ,” ಎಂದು ನಗುತ್ತಿದ್ದಳು. ಹಗಲು ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಟ್ಟರೆ ಊತ ಇಳಿಯುತ್ತಿತ್ತು. ಎರಡು ತಿಂಗಳಲ್ಲಿ ಕೈ ನಡುಕವೂ ತಗ್ಗಿತು.

ಸಂಕ್ರಾಂತಿಗೆ ಮುಂಚೆ ಮನೆಯ ಎದುರಿಗೇ ಕಣ ಮಾಡಿ ರಾಗಿ ಬಡಿದರು. ರಾಶಿ ಅಳೆದು ಮುಗಿಯುವ ತನಕ ಕೆಟ್ಟ ಕಣ್ಣು ಬೀಳಬಾರದು, ಯಾರೂ ಮಾತಾಡಬಾರದು ಎನ್ನುವುದು ಹಳೆಯ ಕಟ್ಟಳೆ. ಕೊಳಗ ಹಿಡಿದು ಅಳೆಯುವ ದೊಡ್ಡಬೀರಯ್ಯ, ಆ ಕಣ್ಣು ತೆರೆದಿರುವ ತನಕ ಈ ಕಣಕ್ಕೆ ಕಾಲಿಡೆನೆಂದ. ಮರಮ್ಮನಿಗೆ ಬುದ್ಧಿ ಓಡಿತು. ಪಟ್ಟಿ ಕಟ್ಟು ಎಂದವರು ಡಾಕ್ಟರೇ ಅಲ್ಲವೇ? ಹಗಲೂ ಕಟ್ಟಿದರೆ ಔಷಧಿಯೂ ಆಯಿತು, ರಾಶಿಯೂ ಉಳಿಯಿತು. ಎಣ್ಣೆ ಮಾತ್ರ ಬೇಡ. ಬಟ್ಟೆ ಜಾರಿದರೆ ಸಂದಿಯಲ್ಲಿ ನೋಡಿಬಿಟ್ಟಾಳು. ತಂದುಕೊಟ್ಟದ್ದು ಹಳೆಯ ಕಂಬಳಿಯ ಅಂಚು.

ಗಂಟು ಹಾಕಿದವಳು ದೊಡ್ಡತಾಯಮ್ಮ. ರೆಪ್ಪೆ ಕೂಡಿಲ್ಲವೆಂದು ಅವಳ ಬೆರಳಿಗೆ ತಿಳಿದಿತ್ತು. ಒಳಗೆ ಮುದ್ದೆ ಬೇಯುತ್ತಿದ್ದದ್ದು ಮೂಗಿಗೂ ತಿಳಿದಿತ್ತು.

“ಉರೀತದೆ ತಾಯಕ್ಕ.”

“ಮೂರೇ ದಿನ ಕಣವ್ವ, ತಡ್ಕೊ.”

ಮೂರನೆಯ ಸಂಜೆ ಬಿಚ್ಚಿದಾಗ ಎಡಗಣ್ಣು ಕೆಂಡವಾಗಿತ್ತು. ಬಲಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣು, ಕೀವು. ರಾಶಿ ಹೋದ ವರ್ಷಕ್ಕಿಂತ ಕಡಿಮೆಯೇ ಬಂದಿತ್ತು. ಕಣ್ಣು ಕಟ್ಟಿಸಿ ಅಳೆದರೂ ಯಾಕೆ ಹೀಗಾಯಿತೆಂದು ಯಾರೋ ಕೇಳಿದ್ದಕ್ಕೆ ದೊಡ್ಡಬೀರಯ್ಯ, ಗಂಟು ಸಡಿಲವಿತ್ತೇನೋ ಎಂದ.

ಚೆಲುವಮ್ಮನ ಅಣ್ಣ ಸುದ್ದಿ ತಿಳಿದು ಓಡಿಬಂದು, ಅವಳನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದ. ಕತ್ತಿನ ಗಂಟನ್ನು ಕೊಯ್ದು ತೆಗೆದರು. ಎಡಗಣ್ಣು ಉಳಿಯಿತು, ಬಲಗಣ್ಣು ಹೋಯಿತು. ಅವಳು ಗಂಡನ ಮನೆಗೆ ಮರಳುವಷ್ಟರಲ್ಲಿ ಊರು ಕಥೆ ಕಟ್ಟಿ ಮುಗಿಸಿತ್ತು: ರಾಶಿಯನ್ನು ಕದ್ದು ನೋಡಿದಳು, ಕಣ ಕಾಯುವ ದೇವರು ಬೆನಕಪ್ಪ ಕಣ್ಣು ಕಿತ್ತುಕೊಂಡ. ಮರಮ್ಮ ಬಂದವರಿಗೆಲ್ಲ ಇದನ್ನೇ ಹೇಳುವಳು. ಪಕ್ಕದಲ್ಲಿ ಕೂತ ದೊಡ್ಡತಾಯಮ್ಮ ಮುದ್ದೆ ನುಂಗುತ್ತ ತಲೆಯಾಡಿಸುವಳು.

ಒಂದು ವಾರ ಚೆಲುವಮ್ಮ ಕೇಳಿಸಿಕೊಂಡಳು. ಆಮೇಲೆ ಬಟ್ಟೆಬರೆಯ ಗಂಟು ಕಟ್ಟಿ, ಅಣ್ಣನಿಗೆ ಹೇಳಿಕಳಿಸಿ, ಮಿರ್ಲೆಯ ಗಾಡಿ ಹತ್ತಿದಳು. ತಿಮ್ಮಯ್ಯ ಬಾಗಿಲಿಗೂ ಬರಲಿಲ್ಲ. ಗಾಡಿಯ ತನಕ ಹೋದವಳು ದೊಡ್ಡತಾಯಮ್ಮ ಒಬ್ಬಳೇ, ಎಣ್ಣೆಯ ಬುಡ್ಡಿ ಕೊಡಲು. ಉಳಿದ ಕಣ್ಣಿಗೆ ಅದಿನ್ನೂ ಬೇಕಿತ್ತು. ಚೆಲುವಮ್ಮ ಬೈಯಲಿಲ್ಲ. ಬುಡ್ಡಿಯನ್ನು ಮಡಿಲಲ್ಲಿಟ್ಟುಕೊಂಡು, ಇವಳ ಮುಖವನ್ನೇ ನೋಡಿದಳು.

“ನಂಗಿನ್ನೇನೂ ಬ್ಯಾಡ ತಾಯಕ್ಕ. ಚೆಲುವಿ ಕಣ್ಣು ಎಂಗೋಯ್ತು ಅಂತ ಯಾರಾನ ಕೇಳುದ್ರೆ, ಬೆನಕಪ್ಪ ಅನ್ಬ್ಯಾಡಿ. ಕಂಬ್ಳಿ ಗಂಟಾಕ್ದೋಳು ನಾನೇ ಅಂತ ಯೋಳಿ. ಅಷ್ಟ್ ಮಾಡಿ.”